ಮೊದಲು ಬಿದ್ದ ಗೆರೆ

"ಈ ಬಾಣದ ಗುರುತು ಹಾಕಿದ್ದು ಯಾರ್ರೀ?"

ಬಾಗಿಲು ದಡಾರನೆ ತೆರೆದುಕೊಂಡಿತು. ಕೈಯಲ್ಲೊಂದು ಕಾಗದ ಹಿಡಿದು ನಿಂತವನ ಹುಬ್ಬು ಗಂಟಿಕ್ಕಿತ್ತು.

ಅವಳು ಕೆಲಸಕ್ಕೆ ಸೇರಿದ ಮೊದಲ ವಾರವದು.

"ನಾನೇ... ಏನಾಯ್ತು ಸರ್?"

"ಏನಾಯ್ತಾ? ಗೆರೆ ಮೇಲೇ ತಂದು ಕೂರಿಸಿದ್ದೀರಲ್ಲ! ಮದುವೆ ಫೋಟೋದಲ್ಲಿ ಮದುಮಗಳ ಮುಂದೆ ಚಿಕ್ಕಪ್ಪ ಬಂದು ನಿಂತ ಹಾಗಿದೆ. ನೋಡಬೇಕಾದ್ದೇ ಕಾಣ್ತಿಲ್ಲ."

ಅಳು ಬರಬೇಕಿತ್ತು. ಬಂದದ್ದು ನಗು.

"ಚಿಕ್ಕಪ್ಪನ್ನ ಪಕ್ಕಕ್ಕೆ ಕಳಿಸ್ತೀನಿ, ಬಿಡಿ ಸರ್."

ಅವನ ಹುಬ್ಬು ಸಡಿಲವಾಯಿತು. ತುಟಿಯಂಚಿನಲ್ಲಿ ನಗುವೊಂದು ಬಂದು ಹೋಯಿತು. ಒಲವು ಹೀಗೆಯೇ ನೋಡಿ, ಹೇಳದೆ ಕೇಳದೆ ಒಳಗೆ ಬಂದು ಕೂತುಬಿಡುತ್ತದೆ. ಆಮೇಲೆ ಏಳು ಎಂದರೆ ಏಳುವುದಿಲ್ಲ.

ಆಸ್ಪತ್ರೆಗಳಿಗೆ ಉಸಿರಾಟದ ಯಂತ್ರ ತಯಾರಿಸುವ ಸಂಸ್ಥೆ ಅದು. ಅವನು ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡನ್ನು ರೂಪಿಸುವ ಇಂಜಿನಿಯರ್. ಅವಳು ಪರೀಕ್ಷೆಯ ವರದಿ ಬರೆಯುವವಳು. ವಿದ್ಯುತ್ತಿನ ಏರಿಳಿತ ಆಸಿಲೋಸ್ಕೋಪಿನ ಪರದೆಯ ಮೇಲೆ ಬಣ್ಣದ ಗೆರೆಯಾಗಿ ಓಡುತ್ತದಲ್ಲ, ಆ ಪರದೆಯ ಚಿತ್ರ ತೆಗೆದು, ನೋಡಬೇಕಾದ ಕಡೆಗೆ ಬಾಣ ಎಳೆದು, ಪಕ್ಕದಲ್ಲಿ ಒಂದೆರಡು ಮಾತು ಬರೆಯುವುದು ಅವಳ ಕೆಲಸ.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಅವನು ತಡವರಿಸುತ್ತಲೇ ಹೇಳಿದ್ದ.

"ಈ ಬೋರ್ಡ್ ಒಂದು ಪಾಸಾಗ್ಲಿ. ನಿಮ್ಮ ಭಾವನ ಹತ್ರ ಬಂದು ಮಾತಾಡ್ತೀನಿ."

"ಏನಂತ?"

"ಅದನ್ನ ಭಾವನಿಗೇ ಹೇಳ್ತೀನಿ."

ಅಪ್ಪ ಅಮ್ಮ ಇಲ್ಲದ ಅವಳಿಗೆ ಅಕ್ಕ ಭಾವನ ಮನೆಯೇ ತವರು. ಅಂದು ಆ ಮನೆಯ ಮೂರು ಕೋಣೆಯನ್ನೂ ಗುಡಿಸಿ ಒರೆಸಿದಳು. ಅಕ್ಕ ಕಣ್ಣರಳಿಸಿ, "ಏನೇ, ಮೈಮೇಲೆ ಏನಾದ್ರೂ ಬಂದಿದ್ಯಾ?" ಎಂದಳು.

ಪರೀಕ್ಷೆಯ ದಿನ ಬಂತು. ಬೋರ್ಡ್ ಮಾಡಿದವರು ಪರೀಕ್ಷೆಯ ಕೋಣೆಗೆ ಕಾಲಿಡಬಾರದು, ಚಿತ್ರವನ್ನೂ ಮುಂಚೆ ನೋಡಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು. ಅವನು ಹೊರಗೇ ಉಳಿದ.

ಯಂತ್ರ ನಡುವೆಯೇ ನಿಂತುಹೋಯಿತು!

ಪರದೆಯ ಮೇಲೆ ಎರಡು ಗೆರೆಗಳೂ ಕುಸಿದಿದ್ದವು. ಹಳದಿ ಅವನ ಬೋರ್ಡಿನದು. ನೀಲಿ, ಬೋರ್ಡಿಗೆ ವಿದ್ಯುತ್ ಕೊಡಲು ಹೊರಗಿನಿಂದ ತರಿಸಿದ ಪವರ್ ಸಪ್ಲೈನದು. ಮೊದಲು ಬಿದ್ದದ್ದರದೇ ದೋಷ. ಮೊದಲು ಬಿದ್ದದ್ದು ಯಾವುದು? ಅವಳು ಚಿತ್ರವನ್ನು ಹಿಗ್ಗಿಸಿದಳು. ನೀಲಿ... ಕೂದಲೆಳೆಯಷ್ಟು ಮುಂಚೆ, ನೀಲಿಯೇ!

'ದೇವರೇ, ನೀನು ದೊಡ್ಡವನು.'

ನೀಲಿ ಗೆರೆಗೆ ಬಾಣ ಎಳೆದು, 'ಮೊದಲು ಬಿದ್ದದ್ದು ಇದು' ಎಂದು ಬರೆದು, ವರದಿ ಕಳಿಸಿದಳು.

ವರದಿ ನೋಡಲು ಸೇರಿದ್ದ ಸಭೆ ಮುಗಿದಾಗ ಅವನು ಅವಳ ಮೇಜಿನ ಪಕ್ಕದಲ್ಲೇ ಹಾದುಹೋದ. ತಲೆ ಎತ್ತಲಿಲ್ಲ. ಸಂಜೆಗೆ ಸುದ್ದಿ ಬಂತು, ರಾಜೀನಾಮೆ ಕೊಟ್ಟನಂತೆ. ಯಾಕೆಂದು ಯಾರೂ ಹೇಳಲಿಲ್ಲ.

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು... ಸ್ವಿಚ್ ಆಫ್.

'ನಾನೇನು ಮಾಡಿದೆ? ಒಂದು ಮಾತು ಬೈದಾದರೂ ಹೋಗಬಾರದಿತ್ತೇ?'

ಕನ್ನಡಿಯ ಮುಂದೆ ನಿಂತರೆ ತನ್ನ ಮುಖವೇ ಅಪರಿಚಿತ. ಪ್ರಾರ್ಥನೆಗೆ ಕೂತರೆ ಕೇಳಿಕೊಳ್ಳಲು ಮಾತೇ ಹೊಳೆಯುತ್ತಿರಲಿಲ್ಲ. ಕೈ ಮುಗಿದು ಸುಮ್ಮನೆ ಕೂತಿರುತ್ತಿದ್ದಳು. ತಿಂಗಳುಗಳು ಹಾಗೆಯೇ ಸವೆದವು.

ಭಾವ ಬೇರೆ ಸಂಬಂಧ ತಂದರು. ಹುಡುಗ ಒಳ್ಳೆಯವನೇ.

"ಇವತ್ತು ಸಂಜೆ ಒಳಗೆ ಹೂಂ ಅಥವಾ ಊಹೂಂ ಹೇಳ್ಬಿಡೇ," ಎಂದಳು ಅಕ್ಕ. "ಬರದೇ ಇರೋನಿಗೆ ಎಷ್ಟು ದಿನ ಅಂತ ಬಾಗಿಲು ಕಾಯ್ತೀಯ?"

"ಹೂಂ ಅಂತಲೇ ಹೇಳ್ತೀನಿ ಅಕ್ಕ," ಎಂದು ಕೆಲಸಕ್ಕೆ ಹೊರಟಳು. ಹೃದಯ ಕಲ್ಲಾಗಿತ್ತು.

ಅಂದು ಸಭೆಯ ಕೋಣೆಯ ಕಂಪ್ಯೂಟರಿನಲ್ಲಿ ಹಳೆಯ ವರದಿಯೊಂದನ್ನು ತೆಗೆಯಬೇಕಾಯಿತು. ದೊಡ್ಡ ಪರದೆಯ ಮೇಲೆ ಅದೇ ಚಿತ್ರ ಮೂಡಿತು.

ಬಾಣ ನೀಲಿಯತ್ತ ಇರಲಿಲ್ಲ... ಹಳದಿಯತ್ತ ಇತ್ತು!

ಬಾಣವನ್ನು ಚಿತ್ರಕ್ಕೆ ಅಂಟಿಸದೆ ಬಿಡಿಯಾಗಿಯೇ ಬಿಟ್ಟಿದ್ದಳು. ಸಭೆಯ ದಿನವೂ ಇದೇ ಕಂಪ್ಯೂಟರಿನಲ್ಲಿ ತೆರೆದಾಗ ಚಿತ್ರ ಕುಗ್ಗಿತ್ತು, ಬಾಣ ಇದ್ದಲ್ಲೇ ನಿಂತಿತ್ತು. ಕುಗ್ಗಿದ ಚಿತ್ರದಲ್ಲಿ ಆ ಕೂದಲೆಳೆಯ ಅಂತರ ಯಾರ ಕಣ್ಣಿಗೂ ಕಾಣುವಂತಿರಲಿಲ್ಲ. ಎಲ್ಲರೂ ನಂಬಿದ್ದು ಅವಳ ಬಾಣವನ್ನು.

ಓಡಿಹೋಗಿ ಮುಖ್ಯಸ್ಥರ ಮುಂದೆ ನಿಂತಳು. ಕೇಳಿ ಅವರು ಹಣೆ ಒತ್ತಿಕೊಂಡರು.

"ಅಯ್ಯೋ ತಾಯೀ, ಈಗ ಹೇಳ್ತೀಯಲ್ಲ! ಸಪ್ಲೈ ಬದಲಾಯಿಸೋಣ, ವರದಿ ತಿದ್ದೋಣ. ಆದ್ರೆ ಆ ಹುಡುಗನ ಜಾಗಕ್ಕೆ ಬೇರೆಯವರು ಬಂದಾಯ್ತು. ಅದು ಮುಗಿದ ಕಥೆ."

ಅವನು ಸೋದರಮಾವನ ರಿಪೇರಿ ಅಂಗಡಿಯಲ್ಲಿದ್ದಾನೆ ಎಂದು ಯಾರೋ ಹೇಳಿದ್ದರು. ಹುಡುಕಿಕೊಂಡು ಹೋದಳು. ಮುಂದೆ ಕೂತಿದ್ದ ಮಾವ ಕನ್ನಡಕದ ಮೇಲಿಂದ ನೋಡಿದರು.

"ಮಿಕ್ಸಿನಾ, ಫ್ಯಾನಾ, ಅಮ್ಮಾ?"

"ಎರಡೂ ಅಲ್ಲ..." ಅವಳ ಕಣ್ಣು ಒಳಕೋಣೆಯತ್ತ ಹೋಯಿತು.

ಮಾವ ಅವಳ ಮುಖ ನೋಡಿ, ಒಳಗಡೆ ನೋಡಿ, ಎದ್ದರು. "ಹಾಗಾದ್ರೆ ಅದು ನನ್ನ ಕೈಲಿ ಆಗೋ ರಿಪೇರಿ ಅಲ್ಲ. ಟೀ ಕುಡಿದು ಬರ್ತೀನಿ."

ಅವನು ಒಳಗೆ ಹಳೆಯ ಫ್ಯಾನೊಂದರ ಧೂಳು ಒರೆಸುತ್ತಿದ್ದ. ಕೆನ್ನೆ ಒಳಗಿಳಿದಿತ್ತು. ಅವಳನ್ನು ಕಂಡು ಎದ್ದು ನಿಂತ.

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. "ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಹೋದ್ರಿ. ನ್ಯಾಯವೇ. ಆದ್ರೆ ನಾನು ಬೇಕಂತ..."

"ಸಿಟ್ಟಾ?" ಅವನು ದಿಗ್ಭ್ರಮೆಯಿಂದ ನೋಡಿದ. "ನಿಮ್ಮ ಮೇಲಾ?"

"ಮತ್ತೆ ಯಾಕೆ ಒಂದು ಮಾತೂ..."

"ನೀವು ತೋರಿಸಿದ್ದು ಅಂದ್ಮೇಲೆ ನಿಜಾನೇ ಇರ್ಬೇಕು ಅಂದ್ಕೊಂಡೆ," ಎಂದ ಮೆಲ್ಲಗೆ. "ನನ್ನ ಬೋರ್ಡಿಂದ ಯಾರದ್ದೋ ಉಸಿರು ನಿಂತು ಹೋಗ್ತಿತ್ತು. ಯಾರದೋ ಅಮ್ಮ, ಯಾರದೋ ಮಗು... ಇಂಥ ಕೈ ಇಟ್ಕೊಂಡು ನಿಮ್ಮನ್ನ ಹೇಗೆ ಕೇಳ್ಲಿ? ಆವತ್ತಿಂದ ಇಲ್ಲಿ ಒಂದು ವೈರ್‌ ಕೂಡ ಬೆಸೆದಿಲ್ಲ. ಧೂಳು ಒರೆಸ್ತೀನಿ, ಅಷ್ಟೇ."

ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಈ ನಂಬಿಕೆಯನ್ನು ಹೇಗೆ ತಡೆದುಕೊಳ್ಳುವುದು?

"ನಿಮ್ಮನ್ನೇ ನೀವು ನಂಬದೆ ನನ್ನನ್ನ ನಂಬಿದ್ರಲ್ಲ... ಹಾಳು ಮಾಡ್ಬಿಟ್ಟೆ ನಿಮ್ಮನ್ನ! ಆ ಕೆಲ್ಸನೂ ವಾಪಸ್ ಬರಲ್ಲ."

ಅವನು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಬಹಳ ಹೊತ್ತು. ಆಮೇಲೆ ಕಣ್ಣಿಂದ ಎರಡು ಹನಿ ಆ ಅಂಗೈಗೇ ಬಿದ್ದವು.

"ಯಾರನ್ನೂ ಕೊಲ್ತಿರಲಿಲ್ವಾ ಈ ಕೈ?"

"ಇಲ್ಲ... ಇಲ್ಲ! ಕೊನೇವರೆಗೂ ಹಿಡಿದು ನಿಂತಿತ್ತು ನಿಮ್ಮ ಬೋರ್ಡ್."

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಅಕ್ಕ.

"ಸಂಜೆಯೊಳಗೆ ಹೂಂ ಅಂತೀನಿ ಅಂದಿದ್ದೆ... ಬೇರೆ ಮನೆಗೆ," ಎಂದಳು ತಲೆ ತಗ್ಗಿಸಿ. "ಈಗ ಏನಂತ ಹೇಳ್ಲಿ?"

"ಕೆಲಸ ಇಲ್ದೋನು ನಾನು. ಮಾವನ ಅಂಗಡೀಲಿ ಧೂಳು ಒರೆಸೋನು."

"ಅದನ್ನ ನಾನು ಕೇಳ್ಲಿಲ್ಲ."

ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಅವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಮುಂದೆ ಚಾಚಿದ.

"ಕೊಡು ಇಲ್ಲಿ. ಭಾವ ಮನೇಲಿದ್ದಾರಾ ಅಂತ ನಾನೇ ಕೇಳ್ತೀನಿ."