ವೈಯಕ್ತಿಕ ಒಲವು

"ನಮಗೆ ಯಾವ ಪ್ಯಾಕೇಜೂ ಬೇಡ," ಎಂದು ಹೇಳಿ ಅವಳು ಬಾಗಿಲು ಮುಚ್ಚಿದಳು.

ಹೊರಗಿದ್ದವನು ಮತ್ತೆ ಬೆಲ್ ಒತ್ತಿದ. ಒಳಗೆ ಸದ್ದಾಗಲಿಲ್ಲ, ಹಾಲ್‌ನ ದೀಪ ಎರಡು ಸಲ ಮಿನುಗಿತು. ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಆ ಮನೆಯಲ್ಲಿ ಬೆಲ್ಲನ್ನೂ ಕಣ್ಣಿನಿಂದಲೇ ನೋಡಬೇಕು.

ಅಮ್ಮ ಸೋಫಾದಲ್ಲಿ ಕುಳಿತೇ ಕೈ ಆಡಿಸಿ ಕೇಳಿದಳು. "ಯಾರು?"

"ಇಂಟರ್ನೆಟ್ ಮಾರೋನು," ಎಂದಿತು ಮಗಳ ಕೈ.

"ನೋಡೋಕೆ ಹೇಗಿದಾನೆ?"

ಮಗಳು ಬಾಗಿಲು ತೆರೆದಳು. ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಿದ್ದವನು ಗುರುತಿನ ಚೀಟಿ ಚಾಚಿದ. ಅದರ ಫೋಟೋದಲ್ಲೂ ಗುಂಡಿ ಕತ್ತಿನವರೆಗೇ ಇತ್ತು.

"ನಾನು ಮಾರೋಕೆ ಬಂದಿಲ್ಲ ಮೇಡಂ. ನೀವು ಇಂಟರ್ನೆಟ್ ವಿಚಾರವಾಗಿ ದೂರಸಂಪರ್ಕ ಆಯೋಗಕ್ಕೆ ತಕರಾರು ಅರ್ಜಿ ಹಾಕಿದ್ರಲ್ಲ, ಅದನ್ನ ಪರೀಕ್ಷೆ ಮಾಡೋ ಎಂಜಿನಿಯರ್."

ಅವಳ ಮುಖ ಕೆಂಪಾಯಿತು. ಅರ್ಜಿ ಹಾಕಿ ಐದು ತಿಂಗಳಾಗಿತ್ತು, ಯಾರಾದರೂ ಬರುತ್ತಾರೆಂಬ ಆಸೆಯನ್ನೇ ಬಿಟ್ಟಿದ್ದಳು.

ಅವಳು ದುಭಾಷಿ. ಹಿಂದಿನ ಕೋಣೆಯ ನೀಲಿ ಗೋಡೆಗೆ ಬೆನ್ನು ಮಾಡಿ, ಕಂಪ್ಯೂಟರ್ ಪರದೆಯ ಒಂದು ಕಡೆ ವೈದ್ಯರನ್ನೂ ಇನ್ನೊಂದು ಕಡೆ ಕಿವುಡ ರೋಗಿಯನ್ನೂ ಇಟ್ಟುಕೊಂಡು, ಬಾಯಿಮಾತನ್ನು ಸನ್ನೆಗೂ ಸನ್ನೆಯನ್ನು ಬಾಯಿಮಾತಿಗೂ ತಿರುಗಿಸುವ ಕೆಲಸ. ಹದಿನಾಲ್ಕು ವರ್ಷದಲ್ಲಿ ಒಂದು ಮಾತನ್ನೂ ಕೂಡಿಸಿದವಳಲ್ಲ, ಕಳೆದವಳಲ್ಲ. ಹೀಗಿರುವಾಗ ಒಂದು ದಿನ ವೈದ್ಯರು "ಈ ಮಾತ್ರೆ ನಿಲ್ಲಿಸಬೇಡಿ" ಎಂದರು. ಸನ್ನೆಯಲ್ಲೂ "ಬೇಡ" ಬರುವುದು ಕೊನೆಯಲ್ಲೇ. ಅವಳ ಕೈ "ನಿಲ್ಲಿಸು" ಎನ್ನುವಷ್ಟರಲ್ಲಿ ಚಿತ್ರ ಸ್ತಬ್ಧವಾಯಿತು, ಆಮೇಲೆ ಸಂಪರ್ಕವೇ ಕಡಿಯಿತು. ಆ ಮನುಷ್ಯ ನಾಲ್ಕು ದಿನ ಮಾತ್ರೆ ಬಿಟ್ಟು ಆಸ್ಪತ್ರೆ ಸೇರಿದ. ಬದುಕಿದ. ಆದರೆ ಅವಳ ಎದೆಯೊಳಗಿನ ಕಲ್ಲು ಅಲ್ಲೇ ಉಳಿಯಿತು.

ಆಯೋಗದ ನಕ್ಷೆಯಲ್ಲಿ ಅವರ ಬೀದಿ ಹಸಿರು ಬಣ್ಣದಲ್ಲಿತ್ತು. ಅಂದರೆ ಬ್ರಾಡ್‌ಬ್ಯಾಂಡ್ ಇದೆ ಎಂದರ್ಥ. ಸುಳ್ಳೇನಲ್ಲ. ಆ ಹಳೆಯ ತಾಮ್ರದ ತಂತಿಯಲ್ಲಿ ಸಿನಿಮಾ ಸಲೀಸಾಗಿ ಬರುತ್ತಿತ್ತು, ಅವಳ ಮುಖವನ್ನು ಆಚೆ ಕಳಿಸಲು ಮಾತ್ರ ಆಗುತ್ತಿರಲಿಲ್ಲ. ಈ ವರ್ಷದ ಹೊಸ ನಿಯಮದಲ್ಲಿ ಚಿತ್ರ ಆಚೆ ಹೋಗುವ ವೇಗವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ವೇಗ ಸಾಲದೆಂದು ಸಾಬೀತಾದ ಬೀದಿಗೆ ಸರ್ಕಾರವೇ ಫೈಬರ್ ಎಳೆಯುತ್ತದೆ. ಅವಳ ಅರ್ಜಿಗೆ ನಲವತ್ತೊಂದು ಮನೆಯವರು ಸಹಿ ಹಾಕಿದ್ದರು.

"ಏಳು ದಿನ, ದಿನಕ್ಕೆ ಮೂರು ಸಲ ಅಳೀಬೇಕು," ಎಂದ ಎಂಜಿನಿಯರ್. "ತೊಂದರೆ ಆಗುತ್ತಾ?"

"ಐದು ತಿಂಗಳು ಬರದೇ ಇದ್ದಾಗ ಆದಷ್ಟು ಆಗಲ್ಲ ಬಿಡಿ."

ಅವನು ನಗಲಿಲ್ಲ. ಆದರೆ ಕಣ್ಣಂಚಿನಲ್ಲಿ ಏನೋ ಸಡಿಲವಾದದ್ದನ್ನು ಅವಳು ಗಮನಿಸಿದಳು. ಕಣ್ಣು ಓದುವುದು ಅವಳ ಕಸುಬು.

ಬೆಳಿಗ್ಗೆ ಹತ್ತೂವರೆ, ಮಧ್ಯಾಹ್ನ ಎರಡು, ಸಂಜೆ ಆರು, ತಂತಿಯಲ್ಲಿ ದಟ್ಟಣೆ ಇರುವ ಹೊತ್ತುಗಳು. ಗಡಿಯಾರಕ್ಕೇ ಬುದ್ಧಿ ಹೇಳುವಂತೆ ಬರುತ್ತಿದ್ದ. ಪುಟ್ಟ ಪೆಟ್ಟಿಗೆಯಂಥ ಯಂತ್ರವನ್ನು ಗೋಡೆಯ ತಂತಿಗೆ ಜೋಡಿಸಿ, ಅಂಕಿ ಬರುವವರೆಗೆ ಕಾದು, ಬರೆದುಕೊಂಡು ಹೋಗುತ್ತಿದ್ದ. ಎರಡನೆಯ ದಿನ ಟೀ ಬೇಡವೆಂದ. ಮೂರನೆಯ ದಿನ ಅರ್ಧ ಲೋಟ ಸಾಕೆಂದ. ನಾಲ್ಕನೆಯ ದಿನ ಸಕ್ಕರೆ ಒಂದು ಚಮಚ ಹೆಚ್ಚಿಗೆ ಕೇಳಿದ.

ಐದನೆಯ ದಿನ ಅಮ್ಮ ಅವನ ಮುಂದೆಯೇ ಕೈ ಆಡಿಸಿದಳು. "ಯಂತ್ರ ನೋಡೋದು ಒಂದು ಸಲ, ನಿನ್ನ ನೋಡೋದು ಮೂರು ಸಲ. ನಾನು ಎಣಿಸಿದೀನಿ."

"ಏನಂದ್ರು?" ಎಂದು ಕೇಳಿದ.

"ಬಿಸ್ಕೆಟ್ ಬೇಕಾ ಅಂತ ಕೇಳ್ತಿದಾರೆ," ಎಂದಳು. ಅವಳ ಬಾಯಿಂದ ಬಂದ ಮೊತ್ತಮೊದಲ ತಪ್ಪು ಅನುವಾದ ಅದು.

"ಬಿಸ್ಕೆಟ್‌ಗೆ ನೀವ್ಯಾಕೆ ಇಷ್ಟು ನಾಚ್ಕೋತಿದೀರ?"

ಆರನೆಯ ದಿನ ಬೆಳಿಗ್ಗೆ ಅವನು ಯಂತ್ರ ಜೋಡಿಸದೆ ಸುಮ್ಮನೆ ಕುಳಿತ. ಆಮೇಲೆ ಹೇಳಿದ. "ಒಂದು ಮಾತು ಹೇಳ್ಬೇಕು. ನಿಮ್ಮ ಬೀದಿಗೆ ಹಸಿರು ಬಣ್ಣ ಹಚ್ಚಿದ್ದು ನಾನೇ. ಕಂಪನಿ ಪಟ್ಟಿ ಕಳಿಸ್ತು, ನಾನು ಕೂತಲ್ಲೇ ಬಣ್ಣ ತುಂಬ್ದೆ. ಬಂದು ನೋಡ್ಲಿಲ್ಲ."

ಅವಳು ಆ ರೋಗಿಯ ಕಥೆ ಹೇಳಿದಳು. ಯಾರಿಗೂ ಪೂರ್ತಿ ಹೇಳಿರಲಿಲ್ಲ. ಅವನು ಸಮಾಧಾನದ ಮಾತೇನೂ ಆಡಲಿಲ್ಲ. ತಲೆ ತಗ್ಗಿಸಿ ಕೊನೆಯವರೆಗೂ ಕೇಳಿಸಿಕೊಂಡ. ಅದೇ ಅವಳಿಗೆ ಹಿತವಾಯಿತು.

"ಆಗ ನೋಡ್ಲಿಲ್ಲ ಸರಿ. ಈಗ ಬಂದ್ರಲ್ಲ," ಎಂದಳು ಕೊನೆಗೆ.

"ಈಗ ನೋಡ್ತಾನೇ ಇದೀನಿ," ಎಂದುಬಿಟ್ಟ.

ಇಬ್ಬರೂ ಒಟ್ಟಿಗೆ ಗಡಿಯಾರದ ಕಡೆ ತಿರುಗಿದರು. ಹನ್ನೊಂದೂ ಹತ್ತು. ದಟ್ಟಣೆಯ ಹೊತ್ತು ಮೀರಿತ್ತು, ತಂತಿ ಸಲೀಸಾಗಿತ್ತು. ಈಗ ಅಳೆದರೆ ಅಂಕಿ ಚೆನ್ನಾಗಿಯೇ ಬಂದು ಬೀದಿಯ ವಾದ ಕೆಡುತ್ತಿತ್ತು.

"ಹತ್ತೂವರೆ ಅಂತಾನೇ ಬರ್ಕೊಳಿ," ಎಂದಳು. "ವೇಗ ದಿನಾ ಎರಡು ಎಂಬಿ ಮೇಲೆ ಹೋಗಿಲ್ಲ. ಇವತ್ತೂ ಅಷ್ಟೇ ಇರುತ್ತೆ."

ಅವನ ಪೆನ್ನು ಕಾಗದದ ಮೇಲೆ ನಿಂತಿತು. "ಬರೀಬಹುದು. ತೊಂದರೆ ಅದಲ್ಲ. ಬರೀಬೇಕು ಅಂತ ಆಸೆ ಆಗ್ತಿದೆ, ಅದು ತೊಂದರೆ."

ಟೀ ಕುಡಿಯದೆ ಎದ್ದುಹೋದ. ಮಧ್ಯಾಹ್ನ ಬರಲಿಲ್ಲ, ಸಂಜೆಯೂ ಬರಲಿಲ್ಲ.

ಮಾರನೆಯ ದಿನ ಬಂದವರು ದಪ್ಪ ಕನ್ನಡಕದ ಹಿರಿಯ ಅಧಿಕಾರಿಣಿ. "ಇವತ್ತು ಮೊದಲನೇ ದಿನ," ಎಂದು ಯಂತ್ರ ತೆಗೆದರು.

"ಮೊದಲನೇದಾ? ಆರು ದಿನ ಆಗಿದೆ! ಈ ವರ್ಷದ ಪಟ್ಟಿ ಮುಚ್ಚೋಕೆ ಉಳಿದಿರೋದೇ ಐದು ದಿನ."

"ಹಿಂದಿನ ಪರೀಕ್ಷಕರು ಹಿಂದೆ ಸರಿದಿದಾರೆ. ಅವರ ಅಳತೆ ಲೆಕ್ಕಕ್ಕಿಲ್ಲ." ಅವರು ಒಂದು ಹಾಳೆ ಚಾಚಿದರು. "ಅರ್ಜಿದಾರರಿಗೆ ಕಾರಣ ತೋರಿಸ್ಬೇಕು ಅಂತ ನಿಯಮ ಇದೆ. ಬಂಧುತ್ವ, ವ್ಯವಹಾರ, ದ್ವೇಷ, ವೈಯಕ್ತಿಕ ಒಲವು. ಫಾರಂನಲ್ಲಿ ನಾಲ್ಕು ಕೊಟ್ಟಿರ್ತೀವಿ. ಇವರು ಕೊನೇದಕ್ಕೆ ಟಿಕ್ ಹಾಕಿದಾರೆ. ನನ್ನ ಸರ್ವೀಸಲ್ಲಿ ಇದುವರೆಗೂ ಯಾರೂ ಹಾಕಿರ್ಲಿಲ್ಲ."

ಅಮ್ಮ ಅವಳ ತೋಳು ಜಗ್ಗಿದಳು. "ಏನು ಬರೆದಿದೆ?"

ಅವಳು ಕೈ ಎತ್ತಿದಳು. ಆಯೋಗದ ಭಾಷೆಯಲ್ಲಿ ಒಲವೆಂದರೆ ಪಕ್ಷಪಾತ. ಅದಕ್ಕೊಂದು ಸನ್ನೆಯಿದೆ. ಮನೆಮಾತಿನ ಒಲವಿಗೆ ಬೇರೆಯದೇ ಇದೆ. ಎತ್ತಿದ ಕೈಗಳು ಯಾವುದೆಂದು ತಿಳಿಯದೆ ಗಾಳಿಯಲ್ಲೇ ನಿಂತವು.

"ಗೊತ್ತಾಯ್ತು, ಬಿಡು," ಎಂದಳು ಅಮ್ಮ.

"ತೀರ್ಪು ಬರೋವರೆಗೂ ನೀವೂ ಆ ಎಂಜಿನಿಯರೂ ಮಾತಾಡೋ ಹಾಗಿಲ್ಲ," ಎಂದು ಅಧಿಕಾರಿಣಿ ಬರೆದುಕೊಳ್ಳುತ್ತಲೇ ಹೇಳಿದರು.

ತೀರ್ಪು ಬರಲು ಮೂರು ವಾರ ಹಿಡಿಯಿತು. ಅಂಕಿಗಳು ಮೊದಲಿನಂತೆಯೇ ಬಂದಿದ್ದವು, ನಕ್ಷೆಯಲ್ಲಿ ಬೀದಿ ಕೆಂಪಾಯಿತು. ಆದರೆ ಅಳತೆ ಮುಗಿಯುವ ಎರಡು ದಿನ ಮೊದಲೇ ಈ ವರ್ಷದ ಪಟ್ಟಿ ಮುಚ್ಚಿತ್ತು. ಫೈಬರ್ ಇನ್ನು ಬರುವ ವರ್ಷಕ್ಕೆ.

"ಒಂದು ನಂಬರ್ ಬರ್ಕೊಂಡಿದ್ರೆ ಅವನ ಗಂಟೇನು ಹೋಗ್ತಿತ್ತು?" ಎಂದ ಪಕ್ಕದ ಮನೆಯ ಟೈಲರ್.

ಮೊದಲ ದಿನ ಅವಳಿಗೂ ಹಾಗೇ ಅನಿಸಿತು. ಸಿಟ್ಟಿನಲ್ಲಿ ಊಟ ಸೇರಲಿಲ್ಲ. ಎರಡನೆಯ ದಿನ, ತನಗೆ ಬೇಕಾದವರಿಗಾಗಿ ವೈದ್ಯರ ಒಂದು ಮಾತನ್ನು ತಾನು ಬದಲಿಸುತ್ತಿದ್ದೆನೇ ಎಂದು ಕೇಳಿಕೊಂಡಳು. ಮೂರನೆಯ ದಿನ ಬಸ್ಸು ಹತ್ತಿದಳು.

ಆಯೋಗದ ಮೂರನೆಯ ಮಹಡಿಯಲ್ಲಿ, ಕಡತಗಳ ನಡುವೆ ಅವನು ಒಬ್ಬನೇ ಕುಳಿತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದಾಗ ಒಂದು ಕಡತ ಕೆಳಗೆ ಬಿತ್ತು. ಇಬ್ಬರೂ ಎತ್ತಲಿಲ್ಲ.

"ನಿಮ್ಮಿಂದ ನಮ್ಮ ಬೀದಿಗೆ ಒಂದು ವರ್ಷ ಹೋಯ್ತು."

"ಗೊತ್ತು."

"ಇಡೀ ಆಫೀಸಿಗೆ ಗೊತ್ತಾದ ಮೇಲೆ ನನಗೆ ಗೊತ್ತಾಗೋದಾ? ಮೊದಲು ನನಗೆ ಹೇಳೋದಲ್ವಾ?"

"ಹೇಗೆ ಹೇಳ್ಲಿ? ನೀವು ಹೂಂ ಅಂದ್ರೆ, ಫೈಬರ್‌ಗೋಸ್ಕರ ಅಂದ್ರೋ ಏನೋ ಅನ್ನೋ ಅನುಮಾನ. ಊಹೂಂ ಅಂದ್ರೆ ನನ್ನ ಅಳತೆ ಮೇಲೆ ನಿಮಗೆ ಅನುಮಾನ."

ಅವಳು ಕಿಟಕಿಯಾಚೆ ಬೆರಳು ತೋರಿಸಿದಳು.

"ಈ ಒಂದು ವರ್ಷ ಕೆಲಸಕ್ಕೆ ರೂಮ್ ಹಿಡಿದಿದೀನಿ. ನಿಮ್ಮ ಎದುರುಗಡೆ ಕಟ್ಟಡದಲ್ಲಿ."

"ಅಲ್ಲಿ ಫೈಬರ್ ಚೆನ್ನಾಗಿದೆ," ಎಂದ.

"ಫೈಬರ್ ಇರೋ ಕಟ್ಟಡ ಇನ್ನೂ ಇಪ್ಪತ್ತಿವೆ ರೀ."

ದುಭಾಷಿಗಳು ಬೇರೆಯವರ ಮಾತನ್ನು "ನಾನು" ಎಂದೇ ಹೇಳಬೇಕು. ನನಗೆ ಎದೆನೋವು, ನನಗೆ ಹೆದರಿಕೆ, ನನ್ನನ್ನು ಮನೆಗೆ ಕಳಿಸಿ. ಸಾವಿರ ಜನರ "ನಾನು" ಅವಳ ನಾಲಿಗೆಯ ಮೇಲೆ ನೀರಿನಂತೆ ಹರಿದಿತ್ತು. ಈಗ ಹೇಳಬೇಕಾದದ್ದು ತನ್ನದೇ "ನಾನು", ಅದಕ್ಕೆ ಆ ನಾಲಿಗೆ ಪಳಗಿರಲಿಲ್ಲ. ಹಾಗಾಗಿ ಕೈ ಎತ್ತಿ, ನಿಧಾನವಾಗಿ, ಮೂರೇ ಸನ್ನೆಯಲ್ಲಿ ಹೇಳಿದಳು.

ಅವನಿಗೆ ಒಂದು ಸನ್ನೆಯೂ ಬಾರದು. ಅರ್ಥವಾಗದೆ ಉಳಿದದ್ದೂ ಏನಿರಲಿಲ್ಲ.

ಮೇಜು ಸುತ್ತಿ ಬಂದು ಅವಳ ಕೈಗಳತ್ತ ಕೈ ಚಾಚಿದ. ಚಾಚಿದವನು ತಡೆದ. ಹಿಡಿದರೆ ಅವಳ ಮಾತೇ ನಿಂತುಹೋದೀತು ಎಂದು ಹೊಳೆದಿರಬೇಕು.

"ಹಿಡ್ಕೋಬಹುದಾ?"

"ಹಿಡ್ಕೊಳಿ," ಎಂದಳು ಅವಳು. "ಹೇಳೋದೆಲ್ಲ ಹೇಳಿ ಆಯ್ತು."