ಏರ್‌ಬ್ಯಾಗ್ ಬರುವವರೆಗೆ

ಅವಳು ಅವನನ್ನು ಮೊದಲು ನೋಡಿದ್ದು ಪಾದದ ಕಡೆಯಿಂದ. ಗಾಡಿಯ ಕೆಳಗೆ ಅಂಗಾತ ಮಲಗಿ, ಟಾರ್ಚ್ ಹಿಡಿದು, ತುಕ್ಕು ಎಲ್ಲೆಲ್ಲಿ ತಿಂದಿದೆ ಎಂದು ಹುಡುಕುತ್ತಿದ್ದಾಗ, ಬೇರೆ ಬೇರೆ ಬಣ್ಣದ ಎರಡು ಚಪ್ಪಲಿಗಳು ಬಂದು ಮುಂದಿನ ಚಕ್ರದ ಪಕ್ಕ ನಿಂತವು.

"ಕೆಳಗಡೆ ಇರೋರು ಕೊಳ್ಳೋಕೆ ಬಂದೋರಾ, ಬಿಚ್ಕೊಂಡು ಹೋಗೋಕೆ ಬಂದೋರಾ?"

"ಇನ್ನೂ ತೀರ್ಮಾನ ಮಾಡಿಲ್ಲ," ಎಂದಳು ಅವಳು ಅಲ್ಲಿಂದಲೇ. "ಸೈಲೆನ್ಸರ್ ಹತ್ರ ತುಕ್ಕಿದೆ."

"ಹಿಂದಿನ ಆಕ್ಸಲ್ ಹತ್ರ ಇನ್ನೂ ಜಾಸ್ತಿ ಇದೆ. ನೋಡಿದ್ರಾ?"

ನೋಡಿರಲಿಲ್ಲ. ಮಾರುವವನೇ ಹುಳುಕು ತೋರಿಸಿಕೊಟ್ಟದ್ದು ಅವಳ ಜೀವನದಲ್ಲಿ ಅದೇ ಮೊದಲು. ತೆವಳಿಕೊಂಡು ಹೊರಬಂದು ಎದ್ದು ನಿಂತಳು. ಕೂದಲಲ್ಲಿ ಒಣಹುಲ್ಲು, ಮೂಗಿನ ತುದಿಯಲ್ಲಿ ಗ್ರೀಸು. ಎದುರಿಗಿದ್ದವನು ಅವಳನ್ನೇ ನೋಡಿ ಕಣ್ಣು ಹೊಡೆದ.

ಅವಳ ಮುಖ ಬಿಗಿಯಿತು. ಜೊತೆಗೆ ಬಂದಿದ್ದ ಸೋದರಮಾವನ ಮುಖ ಅದಕ್ಕಿಂತ ಬಿಗಿಯಿತು.

"ಅಯ್ಯೋ, ಇದು ನಾನು ಮಾಡ್ತಿರೋದಲ್ಲ," ಎಂದು ಅವನು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡ. "ಬೆಳಿಗ್ಗೆ ರೆಪ್ಪೆಗೆ ಜೇನು ಕಚ್ಚಿದೆ. ಅದರ ಪಾಡಿಗೆ ಅದು ಮುಚ್ಕೊಳ್ಳುತ್ತೆ."

ಅವನು ಜೇನು ಸಾಕುವವನು. ಜೇನುಪೆಟ್ಟಿಗೆಗಳು ಜಾಸ್ತಿಯಾಗಿ ಈ ಎಸ್‌ಯುವಿಯಲ್ಲಿ ಹಿಡಿಸದೆ ಪಿಕಪ್ ತೆಗೆದುಕೊಂಡಿದ್ದ. ಹಾಗಾಗಿ ಇದನ್ನು ಮಾರಲು ಹೊರಟಿದ್ದ.

ಅವಳು ಪ್ರಾಣಿಗಳ ಡಾಕ್ಟರು. ಆಸ್ಪತ್ರೆಯ ಕೆಲಸ ಬಿಟ್ಟು, ಮನೆ ಬಾಗಿಲಿಗೇ ಹೋಗಿ ನೋಡುತ್ತೇನೆಂದು ಹೊರಟಿದ್ದಳು. ಕರುವನ್ನೂ ಮಲಗಿಸಬಲ್ಲ, ಮಣ್ಣುದಾರಿಯಲ್ಲೂ ಹೋಗಬಲ್ಲ ಗಾಡಿ ಬೇಕಿತ್ತು. ಮೊದಲೊಂದು ಕೊಂಡಿದ್ದಳು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದು ಪ್ರವಾಹದಲ್ಲಿ ಮುಳುಗಿ ಎದ್ದದ್ದು ಎಂದು ಗೊತ್ತಾಗಿದ್ದು, ಹೆರಿಗೆ ನೋವಿನಲ್ಲಿದ್ದ ನಾಯಿಯನ್ನು ಹಿಂದೆ ಮಲಗಿಸಿಕೊಂಡು ನಡುರಸ್ತೆಯಲ್ಲಿ ಕೆಟ್ಟು ನಿಂತ ದಿನ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಲ್ಲ, ಅವಳ ಸ್ಥಿತಿ ಹಾಗಾಗಿತ್ತು.

"ತೊಂದರೆ ಏನೇನಿದೆ, ಹೇಳಿಬಿಡಿ," ಎಂದಳು.

"ನಿಂತ್ಕೊಂಡೇ ಕೇಳ್ತೀರಾ, ಕುರ್ಚಿ ತರ್ಲಾ?"

ನಗಬಾರದೆಂದು ಅವಳು ಟೈರಿನ ಕಡೆ ನೋಡಿದಳು. ಅವನು ಶುರು ಮಾಡಿದ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟರ್ಬೋ ಸಣ್ಣಗೆ ಸಿಳ್ಳೆ ಹಾಕುತ್ತದೆ. ಊರೊಳಗೇ ಓಡಿಸಿದರೆ ಹೊಗೆಯ ಫಿಲ್ಟರ್ ಮಸಿ ಕಟ್ಟಿಕೊಳ್ಳುತ್ತದೆ, ಆಗಾಗ ಹೈವೇಯಲ್ಲಿ ಓಡಿಸಬೇಕು. ಎರಡನೇ ಗೇರಿಗೆ ಸ್ವಲ್ಪ ಮುನಿಸು. ಮುಂದಿನ ಸಸ್ಪೆನ್ಷನ್ ಹೋದ ವರ್ಷ ಮಾಡಿಸಿದ್ದು, ಹಿಂದಿನದು ಮಾಡಿಸಬೇಕಾದ್ದು.

ಮಾವ ಅವಳ ಕಿವಿಯಲ್ಲಿ ಹೇಳಿದ, "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವನು ಮುದ್ದನ್ನೇ ಹೆಗ್ಗಣ ಅಂತಿದಾನಲ್ಲ ಮರೀ. ಬೇರೆ ಯಾರಿಗೋ ಮಾತು ಕೊಟ್ಟಿರ್ಬೇಕು. ನಮ್ಮನ್ನ ಸಾಗಹಾಕ್ತಿದಾನೆ."

ಅವಳಿಗೂ ಹಾಗೇ ಅನಿಸಿತು. ಹಿಂದಿನ ಬಾಗಿಲು ತೆಗೆದಳು. ಜೇನುಮೇಣದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ, ಒದ್ದೆ ಕಾರ್ಪೆಟ್ಟಿನದು. ಅವಳು ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದಳು.

"ಅದ್ರಲ್ಲಿ ಏನು ನೋಡ್ತಿದೀರಾ?"

"ಕೆಸರಿನ ಗೆರೆ. ಮುಳುಗಿದ ಗಾಡಿನ ಎಷ್ಟು ತೊಳೆದ್ರೂ ಬೆಲ್ಟಿನ ಒಳತುದಿ ತೊಳೆಯೋದು ಮರೀತಾರೆ."

ಬೆಲ್ಟು ಶುಭ್ರವಾಗಿತ್ತು. ಅವನು ಕತ್ತು ಚಾಚಿ ತಾನೂ ನೋಡಿದ. ಆಮೇಲೆ ಮೆಲ್ಲಗೆ, "ಸನ್‌ರೂಫಿನ ನೀರು ಇಳಿಯೋ ಪೈಪಲ್ಲಿ ಮೇಣ ಸಿಕ್ಕಾಕ್ಕೊಂಡಿದೆ, ಮಳೆ ನೀರು ಒಳಗೇ ಇಳಿಯುತ್ತೆ. ಅದೊಂದು ಹೇಳೋದು ಮರ್ತಿದ್ದೆ, ಕ್ಷಮಿಸಿ," ಎಂದ.

ಅವಳ ಕೈಯಿಂದ ಬೆಲ್ಟು ಸರ್ರನೆ ಒಳಗೆ ಹೋಯಿತು.

ಓಡಿಸಿ ನೋಡಲು ಹೊರಟರು. ಅವಳು ಸ್ಟಿಯರಿಂಗಿನಲ್ಲಿ, ಅವನು ಪಕ್ಕದಲ್ಲಿ, ಮಾವ ಹಿಂದೆ. ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು, ತನಗೆ ಶಬ್ದ ಕೇಳಬೇಕು ಎಂದಳು. ಸಿಗ್ನಲ್ಲಿನಲ್ಲಿ ನಿಂತಾಗ, ಅವನು ರಸ್ತೆ ಬಿಟ್ಟು ತನ್ನನ್ನು ನೋಡುತ್ತಿರುವುದು ಗೊತ್ತಾಯಿತು.

"ಏನು?"

"ಏನಿಲ್ಲ. ಪೆಟ್ಟಿಗೆಗೆ ಕಿವಿ ಇಟ್ಟು ನಾನೂ ಹೀಗೇ ಕೇಳೋದು, ಕಣ್ಣು ಅರ್ಧ ಮುಚ್ಕೊಂಡು. ಬೇರೆಯವರು ಕೇಳೋದನ್ನ ನೋಡಿರ್ಲಿಲ್ಲ."

ಹಸಿರು ದೀಪ ಬಿತ್ತು. ಹಿಂದಿನ ಗಾಡಿಯವನು ಹಾರ್ನ್ ಒತ್ತಿದ. ಎರಡನೇ ಗೇರು ಮುನಿಸಿಕೊಂಡಿತು. ಅವಳ ಕಿವಿ ಬಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಗಾಡಿಯ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದಳು. ಕೊಳ್ಳುವ ಮುಂಚೆ ಯಾರಾದರೂ ಮಾಡಬೇಕಾದ ಕೆಲಸ ಅದು. ಕೆಂಪು ಅಕ್ಷರದಲ್ಲಿ ಉತ್ತರ ಬಂತು. ಈ ಗಾಡಿಗೆ ಒಂದು ರೀಕಾಲ್ ಬಾಕಿ ಇದೆ, ಎಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿಯನ್ನು ವಾಪಸ್ ಕರೆದಿದೆ. ಡ್ರೈವರ್ ಮುಂದಿನ ಏರ್‌ಬ್ಯಾಗ್ ಉಬ್ಬಿಸುವ ಲೋಹದ ಡಬ್ಬಿ ಅಪಘಾತದಲ್ಲಿ ಸಿಡಿದು, ಚೂರುಗಳು ಮುಖಕ್ಕೆ ಹಾರಬಹುದು. ಓಡಿಸಬೇಡಿ, ತಂದರೆ ಉಚಿತವಾಗಿ ಬದಲಿಸುತ್ತೇವೆ ಎಂದಿತ್ತು.

ಅವಳ ಪಿತ್ತ ನೆತ್ತಿಗೇರಿತು. ಚಿಲ್ಲರೆ ಹುಳುಕನ್ನೆಲ್ಲ ಬಾಯ್ತುಂಬ ಹೇಳಿ ದೊಡ್ಡದನ್ನು ಮುಚ್ಚಿಟ್ಟನಲ್ಲ ಎಂದುಕೊಂಡು ಫೋನ್ ಮಾಡಿ, ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. "ಇದೂ ಹೇಳೋದು ಮರ್ತುಹೋಗಿತ್ತಾ?"

ಆ ಕಡೆಯಿಂದ ಜೇನ್ನೊಣಗಳ ಗುಂಯ್ ಮಾತ್ರ ಕೇಳುತ್ತಿತ್ತು.

"ಕೇಳಿಸ್ತಿದ್ಯಾ?"

"ನಿನ್ನೆ ನೀವು ಆ ಸೀಟಲ್ಲಿ ಕೂತಿದ್ರಿ," ಎಂದ ಅವನು. "ನಾನೇ ಕೂರ್ಸಿದ್ದು."

ಇದು ಅವನಿಗೂ ಗೊತ್ತಿರಲಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಅವನು ಈ ಗಾಡಿಗೆ ಎರಡನೇ ಯಜಮಾನ. ಕಂಪನಿಯವರು ತಿಳಿಸಿದ್ದು ಮೊದಲನೆಯವನಿಗೆ ಇರಬೇಕು. ಇಷ್ಟು ವರ್ಷ ತಾನೇ ಆ ಸೀಟಿನಲ್ಲಿ ಕೂತಿದ್ದು ಅವನಿಗೆ ನೆನಪಾಗಲೇ ಇಲ್ಲ. ನೆನಪಾಗಿದ್ದು ಅವಳು ಕೂತದ್ದು. ಅದನ್ನು ಅವಳು ಆಮೇಲೆ ಎಷ್ಟೋ ಹೊತ್ತು ಯೋಚಿಸಿದಳು.

ಕಂಪನಿಯ ಸರ್ವಿಸ್ ಸೆಂಟರಿನವರು ಗಾಡಿಯನ್ನು ಎಳೆದುಕೊಂಡು ಹೋದರು. ಹೊಸ ಏರ್‌ಬ್ಯಾಗ್ ಸ್ಟಾಕಿನಲ್ಲಿಲ್ಲ, ಬರಲು ಕೆಲವು ವಾರ ಬೇಕು ಎಂದರು.

"ಅದು ಸರಿಯಾಗೋವರೆಗೂ ನಾನು ಮಾರಲ್ಲ," ಎಂದ ಅವನು. "ನಿಮಗೆ ಅರ್ಜೆಂಟ್ ಇದ್ರೆ ಬೇರೆ ನೋಡಿ. ಕಾಯ್ತೀರಾದ್ರೆ, ಅಲ್ಲಿವರೆಗೆ ನನ್ನ ಪಿಕಪ್ ಇದೆ. ಎಲ್ಲಿಗೆ ಬೇಕಾದ್ರೂ ಬಿಡ್ತೀನಿ."

"ನನಗೆ ದಿನಾ ಕೆಲಸ ಇರುತ್ತೆ."

"ನನ್ನ ಕೆಲಸ ಮಾಡೋದು ಜೇನು. ನಾನು ಬರೀ ಮೇಲ್ವಿಚಾರಕ."

ಹಾಗೆ ಶುರುವಾಯಿತು. ಮುಂದೆ ಅವರಿಬ್ಬರು, ಹಿಂದೆ ಅವಳ ಔಷಧಿಯ ಪೆಟ್ಟಿಗೆ, ಕೆಲವೊಮ್ಮೆ ಅವನ ಖಾಲಿ ಜೇನುಪೆಟ್ಟಿಗೆ. ಅವನು ದಾರಿಯುದ್ದಕ್ಕೂ ಮಾತಾಡುತ್ತಿದ್ದ, ಅವಳು ಚುಟುಕಾಗಿ ಉತ್ತರಿಸಿ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಕಿಟಕಿಯ ಗಾಜಿನಲ್ಲಿ ಆ ನಗು ಅವನಿಗೆ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಒಂದು ದಿನ ದೊಡ್ಡ ನಾಯಿಯೊಂದಕ್ಕೆ ಗಾಯ ಹೊಲಿಯಬೇಕಿತ್ತು. "ತಲೆ ಹಿಡ್ಕೊಳ್ತೀರಾ?" ಎಂದಳು. "ಅದೇನು ಮಹಾ," ಎಂದು ಅವನು ಅಂಗಿಯ ತೋಳು ಮಡಿಸಿದ. ಸೂಜಿ ಕಂಡದ್ದೇ ತಡ, ಮುಖ ಸುಣ್ಣದ ಹಾಗೆ ಬಿಳುಚಿ, ಗೋಡೆಗೆ ಒರಗಿ, ಮೆಲ್ಲಗೆ ನೆಲಕ್ಕೆ ಜಾರಿದ. ನಾಯಿ ಅವನ ಕೆನ್ನೆ ನೆಕ್ಕಿತು.

"ಸಾವಿರ ಜೇನು ಕಚ್ಚಿಸ್ಕೊಂಡೋರು ಒಂದು ಸೂಜಿಗೆ ಬಿದ್ರಲ್ಲ," ಎಂದು ಅವಳು ನೀರು ಕುಡಿಸಿದಳು.

"ಜೇನು ಮುಂಚೆ ಹೇಳಿ ಚುಚ್ಚಲ್ಲ. ಯೋಚನೆ ಮಾಡೋಕೆ ಟೈಮ್ ಇರಲ್ಲ. ನೀವು ಸಿರಿಂಜ್ ಎತ್ತಿ ಬೆಳಕಲ್ಲಿ ನೋಡ್ತೀರ ನೋಡಿ, ಅಲ್ಲಿಗೆ ನನ್ನ ಕಥೆ ಮುಗೀತು."

ಲೋಟ ಹಿಡಿದಿದ್ದ ಅವಳ ಕೈಯ ಮೇಲೆ ಅವನ ಕೈ ಇತ್ತು. ಆಸರೆಗೆಂದು ಹಿಡಿದದ್ದು. ನೀರು ಖಾಲಿಯಾದ ಮೇಲೂ ಇಬ್ಬರೂ ಲೋಟ ಕೆಳಗಿಡಲಿಲ್ಲ.

ಕೊನೆಗೆ ಏರ್‌ಬ್ಯಾಗ್ ಬಂತು. ಗಾಡಿ ತಯಾರಾಗಿದೆ ಎಂದು ಸರ್ವಿಸ್ ಸೆಂಟರಿನಿಂದ ಫೋನ್ ಬಂದಾಗ ಖುಷಿಪಡಬೇಕಾದವಳು ಸುಮ್ಮನೆ ಕುರ್ಚಿಯಲ್ಲಿ ಕೂತಳು. ನಾಳೆಯಿಂದ ಪಿಕಪ್ ಬರುವುದಿಲ್ಲ.

ಅಂದು ಸಂಜೆ ಅವನ ಅಂಗಳದಲ್ಲಿ ಮೂವರೂ ಸೇರಿದರು. ಸನ್‌ರೂಫಿನ ಪೈಪು, ಸಸ್ಪೆನ್ಷನ್ ಎಲ್ಲ ಅವನು ಜೊತೆಗೇ ಮಾಡಿಸಿದ್ದ. ಕೀ ಅವನ ಮುಷ್ಟಿಯಲ್ಲೇ ಇತ್ತು.

"ಬ್ರೇಕ್ ಯಾಕೋ ಸ್ವಲ್ಪ ಕಿರ್ ಅಂತಿದೆ," ಎಂದ. "ಇನ್ನೊಂದು ವಾರ ಬಿಟ್ಟು ಕೊಡ್ಲಾ?"

"ಹೌದು, ನನಗೂ ಕೇಳಿಸ್ತು," ಎಂದಳು ಅವಳು ತಕ್ಷಣ. "ಎಡಗಡೆ ಚಕ್ರದ ಹತ್ರ."

"ಬಲಗಡೆ ಅನ್ಕೊಂಡಿದ್ದೆ."

"ಎರಡೂ ಕಡೆ ಇರ್ಬಹುದು."

ಮಾವ ಕೀ ಕಿತ್ತುಕೊಂಡು, ಗಾಡಿ ಹತ್ತಿ, ಅಂಗಳದಲ್ಲಿ ಎರಡು ಸುತ್ತು ಹೊಡೆದು, ಮೂರು ಸಲ ಬ್ರೇಕ್ ಹಾಕಿ ಇಳಿದ. ಕಿರ್ ಎನ್ನುವುದಿರಲಿ, ಪಿಸುಮಾತೂ ಇಲ್ಲ.

"ಇಲ್ಲದ ಶಬ್ದ ಒಬ್ಬರಿಗೆ ಕೇಳಿದ್ರೆ ಕಿವಿ ತೋರ್ಸಬೇಕು. ಇಬ್ಬರಿಗೂ ಕೇಳಿದ್ರೆ ಡಾಕ್ಟ್ರಿಗೆ ಕೆಲಸ ಇಲ್ಲ," ಎಂದು ಕೀಯನ್ನು ಅವನ ಕೈಗೆ ವಾಪಸ್ ಹಾಕಿದ. "ನಾನು ಜೇನು ನೋಡ್ಕೊಂಡು ಬರ್ತೀನಿ. ಬೇಗ ಬರಲ್ಲ."

ಮಾವನ ಬೆನ್ನು ಮರದ ಹಿಂದೆ ಮರೆಯಾಯಿತು. ಅವನು ಕೀಯನ್ನೇ ತಿರುಗಿಸಿ ತಿರುಗಿಸಿ ನೋಡಿದ.

"ಇದನ್ನ ಕೊಟ್ರೆ ನೀವು ಹೋಗ್ಬಿಡ್ತೀರ," ಎಂದ ತಲೆಯೆತ್ತದೆ. "ಅಷ್ಟೇ ವಿಷಯ. ಬ್ರೇಕ್ ಚೆನ್ನಾಗಿದೆ. ನೀವು ಪಕ್ಕದಲ್ಲಿ ಇಲ್ಲದೆ ಆ ಪಿಕಪ್ ಓಡಿಸೋಕೆ ನನಗೆ ಮನಸ್ಸಿಲ್ಲ."

ಇದಕ್ಕಾದರೂ ಚುಟುಕು ಉತ್ತರ ಸಾಲದು ಎಂದು ಅವಳಿಗೆ ಗೊತ್ತಿತ್ತು. ಆದರೆ ಉದ್ದ ಮಾತು ಅವಳ ಜಾಯಮಾನವಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೀ ತೆಗೆದುಕೊಂಡಳು. ಅವನ ಮುಖ ಬಾಡಿತು.

"ಹೋಗ್ತೀನಿ," ಎಂದಳು. "ಊಟಕ್ಕೆ. ಒಬ್ಬಳೇ ಹೋಗೋಕೆ ನನಗೂ ಮನಸ್ಸಿಲ್ಲ. ಇಷ್ಟು ದಿನ ನೀವೇ ನನ್ನನ್ನ ಕರ್ಕೊಂಡು ತಿರುಗಿದ್ರಿ. ಇನ್ನು ನನ್ನ ಸರದಿ."

ಅವನು ನಿಂತಲ್ಲೇ ನಿಂತಿದ್ದ.

"ಮತ್ತೆ ನಾಳೆ?" ಎಂದ.

"ನಾಳೆನೂ ಹೊಟ್ಟೆ ಹಸಿಯುತ್ತೆ."

"ನಾಡಿದ್ದು?"

"ಅದನ್ನ ಮಾವನ ಎದುರಿಗೆ ಮಾತಾಡೋಣ," ಎಂದಳು. ಈ ಸಲ ಅವಳು ಬೇರೆ ಕಡೆ ತಿರುಗಿ ನಗಲಿಲ್ಲ, ಅವನನ್ನೇ ನೋಡಿ ನಕ್ಕಳು.

ಅವನು ಗಾಡಿಯ ಸುತ್ತ ಓಡಿಬಂದು, ಮುಗ್ಗರಿಸಿ, ಪಕ್ಕದ ಸೀಟಿಗೆ ಹತ್ತಿದ. ಸಂತೋಷದಲ್ಲಿ ಬಾಗಿಲು ಅರ್ಧ ಮಾತ್ರ ಮುಚ್ಚಿದ್ದ. ಅವಳು ಇಂಜಿನ್ ಸ್ಟಾರ್ಟ್ ಮಾಡಿ, ಕನ್ನಡಿ ಸರಿಪಡಿಸಿಕೊಂಡು, ಅತ್ತ ನೋಡದೆ ಹೇಳಿದಳು:

"ಬಾಗಿಲು ಸರಿಯಾಗಿ ಹಾಕು."

ಹಾಕು. ಹಾಕಿ ಅಲ್ಲ. ಅವನು ಅವಳತ್ತ ತಿರುಗಿದ. ಅವಳ ಕಿವಿ ಕೆಂಪಾಗಿತ್ತು.

"ಹಾಕ್ದೆ ಕಣೇ," ಎಂದ ಅವನು ಮೆತ್ತಗೆ.