ನೆಲಕ್ಕೆ ಹನಿ ಬೀಳದ ಸೋರಿಕೆ

ವೃತ್ತದಲ್ಲಿ ಹಸಿರು ದೀಪ ಹತ್ತಿದ್ದೇ ತಡ, ಪುಟ್ಟ ಕೆಂಪು ಕಾರಿನ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು.

“ಮೇಷ್ಟ್ರಮ್ಮಾ! ಇದು ನಾನು ಮಾಡಿದ್ದಾ?” ಸ್ಟಿಯರಿಂಗನ್ನು ಎದೆಗವಚಿಕೊಂಡಿದ್ದ ದರ್ಜಿ ಕೇಳಿದ.

“ಗೊತ್ತಿಲ್ಲ. ರಸ್ತೆಯಂಚಿಗೆ ತಗೊಳ್ಳಿ. ನಿಧಾನ— ನಿಧಾನ ಅಂದೆ!”

ದರ್ಜಿಯ ಕಾಲಿಗೆ ನಿಧಾನ ಎಂಬುದೇ ತಿಳಿಯದು. ಹರೆಯದಿಂದ ಹೊಲಿಗೆ ಯಂತ್ರ ತುಳಿದ ಕಾಲು ಅದು. ಪೆಡಲ್ ಸಿಕ್ಕಿದರೆ ತುಳಿಯುತ್ತಲೇ ಇರುತ್ತದೆ. ಮೇಷ್ಟ್ರಮ್ಮ ತನ್ನ ಕಾಲಡಿಯ ಬ್ರೇಕನ್ನು ಬಲವಾಗಿ ಒತ್ತಿದಳು. ಅದು ಡ್ರೈವಿಂಗ್ ಶಾಲೆಯ ಕಾರು. ಕಲಿಯುವವರಿಗೊಂದು ಬ್ರೇಕು, ಪಕ್ಕದಲ್ಲಿ ಕೂತು ಕಲಿಸುವವರಿಗೊಂದು. ಕಾರು ಮುಗ್ಗರಿಸಿ ನಿಂತಿತು.

ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಮೇಲೆ ಒರಗಿ ಮಲಗಿತ್ತು. ಅವಳು ಎಂಜಿನ್ ಆರಿಸಿದಳು.

“ಮುಚ್ಚಳ ತೆಗೆಯಲಾ?”

“ಮುಟ್ಟಬೇಡಿ! ಈಗ ತೆಗೆದರೆ ಮುಖ ಬೆಂದುಹೋಗುತ್ತೆ.”

ಕಾರು ತಣ್ಣಗಾಗುವವರೆಗೆ ಇಬ್ಬರೂ ಕಟ್ಟೆಯ ಮೇಲೆ ಕೂತರು. ಆಮೇಲೆ ಬಾನೆಟ್ ಎತ್ತಿ ನೋಡಿದರೆ— ಎಂಜಿನ್ ತಣಿಸುವ ಕೂಲೆಂಟಿನ ಡಬ್ಬಿ ಖಾಲಿ. ಬೆಳಿಗ್ಗೆ ಮೇಲಿನ ಗೆರೆ ಮುಟ್ಟುವಂತೆ ಆ ಹಸಿರು ನೀರನ್ನು ಸುರಿದವಳು ಅವಳೇ. ಅವಳು ಚೂಡಿದಾರದ ಚಿಂತೆ ಬಿಟ್ಟು ರಸ್ತೆಯ ಮೇಲೆ ಬೋರಲಾಗಿ ಮಲಗಿ ಕಾರಿನ ಹೊಟ್ಟೆಯಡಿ ಇಣುಕಿದಳು. ಒಂದು ಹನಿ ಇಲ್ಲ. ಧೂಳು ಧೂಳಾಗಿಯೇ ಇತ್ತು.

ಅಜ್ಜಿಯ ಕಥೆಯೊಂದರಲ್ಲಿ ರಾಜನ ಕೊಳದ ನೀರು ದಿನಾ ಮಾಯವಾಗುತ್ತಿತ್ತು. ದಡದ ತುಂಬ ಕಾವಲಿಟ್ಟರೂ ಹೆಜ್ಜೆ ಗುರುತು ಸಿಗುತ್ತಿರಲಿಲ್ಲ. ಆ ರಾಕ್ಷಸ ಈಗ ಕೊಳ ಬಿಟ್ಟು ಕಾರಿಗೆ ಬಂದು ಸೇರಿದನೇ?

ರಾಕ್ಷಸನ ವಿಷಯ ಡ್ರೈವಿಂಗ್ ಶಾಲೆಯ ಮಾಲೀಕನ ಮುಂದೆ ಹೇಳುವಂತಿರಲಿಲ್ಲ.

ಮಾಲೀಕನ ಆಫೀಸು ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು. ಫ್ಯಾನಿನ ವೈರು, ಫೋನಿನ ವೈರು, ಪೆನ್ನಿನ ದಾರ, ಕೊನೆಗೆ ಮೂಲೆಯ ಪೊರಕೆ ಕೂಡ ಬಿಳಿ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿಸಿಕೊಂಡು ಶಿಸ್ತಾಗಿ ನಿಂತಿದ್ದವು. ಯಾವುದೂ ನೇತಾಡುವಂತಿಲ್ಲ.

“ಮತ್ತೆ ಖಾಲಿಯಾ? ಬೆಳಿಗ್ಗೆ ತುಂಬಿಸಿದ್ದೆಯಾ?”

“ತುಂಬಿಸಿದ್ದೆ ಸಾರ್.”

“ಮೊನ್ನೆಯೂ ಹೀಗೇ ಅಂದೆ. ಅದರ ಹಿಂದಿನ ವಾರವೂ ಹೀಗೇ ಅಂದೆ. ರಜೆಯಲ್ಲಿ ನಾನೇ ಆ ಕಾರನ್ನು ಊರೆಲ್ಲ ಸುತ್ತಿಸಿದೆ. ಡಬ್ಬಿಯ ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ! ನಾನು ಓಡಿಸಿದರೆ ಇರುತ್ತೆ, ನೀನು ಕೂತರೆ ಇಂಗಿಹೋಗುತ್ತೆ. ಏನರ್ಥ? ನೀನು ತುಂಬಿಸೋದೇ ಇಲ್ಲ ಅಂತ.”

“ಸಾರ್, ನಾನು ಸುಳ್ಳು—”

“ಸುಳ್ಳುಬುರುಕಿಯರನ್ನು ಇಟ್ಟುಕೊಂಡು ನಾನು ಶಾಲೆ ನಡೆಸಲ್ಲ. ಸಂಜೆಯೊಳಗೆ ಕೀ ಈ ಮೇಜಿನ ಮೇಲಿರಲಿ.”

ಬಾಗಿಲಲ್ಲಿ ನಿಂತಿದ್ದ ದರ್ಜಿ ನೆಲ ನೋಡಿದ. ಮೇಷ್ಟ್ರಮ್ಮನ ಕಿವಿ ಕಾದವು. ಈ ಊರಿನಲ್ಲಿ ಎಷ್ಟೋ ಜನ ಹೆಂಗಸರು ಅವಳ ಪಕ್ಕದಲ್ಲಿ ಕೂತು ಭಯ ಬಿಟ್ಟಿದ್ದರು. ಆ ಸೀಟು ಅವಳದು. ಅದಕ್ಕಿಂತ ಹೆಚ್ಚಾಗಿ, ಆಡಿದ ಮಾತು ಅವಳದು. ಸುಳ್ಳುಬುರುಕಿಯೆಂಬ ಹೆಸರು ಹೊತ್ತು ಹೋದರೆ ಇನ್ನೊಂದು ಶಾಲೆಯ ಬಾಗಿಲು ತೆರೆದೀತೇ?

“ಯಾರ ಮೇಲೆ ಕೂಗಾಡ್ತಿದ್ದೀಯೋ? ಗೋಡೆಯಾಚೆ ನನ್ನ ಸ್ಪ್ಯಾನರ್‌ಗಳೆಲ್ಲ ಬೆಚ್ಚಿಬಿದ್ದವು!”

ಮಾಲೀಕ ತಟ್ಟನೆ ಎದ್ದು ನಿಂತ. ಬಂದವಳು ದೊಡ್ಡಕ್ಕ— ಅವನ ಒಡಹುಟ್ಟಿದ ಅಕ್ಕ, ಪಕ್ಕದ ಗ್ಯಾರೇಜಿನ ಒಡತಿ. ಮುಂಗೈಯವರೆಗೆ ಗ್ರೀಸು, ಮೂಗಿನ ತುದಿಯಲ್ಲಿ ಕನ್ನಡಕ. ಕಾರುಗಳು ಅವಳ ಮುಂದೆ ಸುಳ್ಳು ಹೇಳುವುದಿಲ್ಲವೆಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಯಾರೂ ಎದುರಾಡುತ್ತಿರಲಿಲ್ಲ.

ನಡೆದದ್ದನ್ನೆಲ್ಲ ಕೇಳಿಸಿಕೊಂಡು ಅವಳು ಕೈ ಚಾಚಿದಳು. “ಕೀ ಕೊಡು. ಸಂಜೆವರೆಗೆ ಕಾರು ನನ್ನದು. ಮೇಷ್ಟ್ರಮ್ಮ, ನೀನೂ ಬಾ. ದರ್ಜಿಯಣ್ಣ, ತಪ್ಪಿಸಿಕೊಳ್ಳೋ ಹಾಗಿಲ್ಲ— ನೀನೂ ಆರೋಪಿ.”

“ನಾನಾ? ನಾನು ಉಸಿರು ಕೂಡ ಬಿಗಿಹಿಡಿದು ಓಡಿಸ್ತೀನಲ್ಲ ಅಕ್ಕ!”

ದೊಡ್ಡಕ್ಕ ಅವನನ್ನೊಮ್ಮೆ ನೋಡಿದಳು.

ಗ್ಯಾರೇಜಿನಲ್ಲಿ ವಿಚಾರಣೆ ಶುರುವಾಯಿತು. ದೊಡ್ಡಕ್ಕ ಬಿಡಿಭಾಗಗಳನ್ನು ಕಟಕಟೆಯಲ್ಲಿ ನಿಲ್ಲಿಸಿದವಳಂತೆ ಒಂದೊಂದಾಗಿ ಮಾತಾಡಿಸಿದಳು.

“ರೇಡಿಯೇಟರ್ ಸ್ವಾಮಿಗಳು... ರೆಕ್ಕೆ ಒಣಗಿದೆ, ಕಲೆಯಿಲ್ಲ. ನೀವು ಹೋಗಬಹುದು. ನೀರಿನ ಪಂಪು? ಕೆಳಗೆ ಜಿನುಗಿದ ಗುರುತಿಲ್ಲ. ಎಂಜಿನ್ ಒಳಗೊಳಗೇ ಕುಡೀತಿದೆಯಾ?” ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿಕೊಂಡಳು. “ಕುಡಿದಿದ್ದರೆ ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿರ್ತಿತ್ತು. ಇದು ಶುದ್ಧವಾಗಿದೆ.”

“ಹೊಗೆ?” ಮೇಷ್ಟ್ರಮ್ಮ ಕೇಳಿದಳು.

“ಭೇಷ್, ಕೇಳಬೇಕಾದ ಪ್ರಶ್ನೆ. ಬಿಳಿ ಹೊಗೆ ಬರುತ್ತಾ?”

“ಇಲ್ಲ ದೊಡ್ಡಕ್ಕ.”

“ಹಾಗಾದರೆ ಎಂಜಿನ್ನೂ ನಿರಪರಾಧಿ.”

ಅವಳು ಕೂಲೆಂಟ್ ತುಂಬಿಸಿ, ಮುಚ್ಚಳದ ಜಾಗಕ್ಕೆ ಒಂದು ಕೈಪಂಪು ತಿರುಗಿಸಿ ಕೂರಿಸಿದಳು. ಪಂಪಿಗೊಂದು ಗಡಿಯಾರದಂಥ ಬಿಲ್ಲೆ, ಬಿಲ್ಲೆಗೊಂದು ಮುಳ್ಳು. ಗಾಳಿ ಒತ್ತಿದಂತೆ ಮುಳ್ಳು ಮೇಲೇರಿತು. ಎಲ್ಲಾದರೂ ತೂತಿದ್ದರೆ ಒತ್ತಡ ಇಳಿಯಬೇಕು, ಮುಳ್ಳು ಕೆಳಗೆ ಬರಬೇಕು.

ಮೂವರೂ ಮುಳ್ಳನ್ನೇ ದಿಟ್ಟಿಸಿದರು. ದರ್ಜಿ ತರಿಸಿಕೊಂಡ ಚಹಾ ಕುಡಿದು ಮುಗಿಸಿದ. ಮುಳ್ಳು ಅಲುಗಲಿಲ್ಲ.

“ನೋಡಿದೆಯಾ ಅಕ್ಕ?” ಮಾಲೀಕ ಯಾವಾಗಲೋ ಬಂದು ಹಿಂದೆ ನಿಂತಿದ್ದ. “ಸೋರಿಕೆಯೇ ಇಲ್ಲ. ನಾನು ಹೇಳಲಿಲ್ವಾ?”

ಮೇಷ್ಟ್ರಮ್ಮ ಮುಳ್ಳನ್ನು ಮತ್ತೊಮ್ಮೆ ನೋಡಿದಳು. ಕಾರಿಗೂ ಅವಳ ಮೇಲೆ ಹಗೆಯೇ?

ದೊಡ್ಡಕ್ಕ ಮಾತ್ರ ಸ್ಟೂಲು ಎಳೆದುಕೊಂಡು ನೆಮ್ಮದಿಯಾಗಿ ಕೂತಳು. “ಕಾರನ್ನು ಕೇಳಿದ್ದಾಯ್ತು. ಇನ್ನು ನಿನ್ನನ್ನು ಕೇಳ್ತೀನಿ. ಪಾಠ ಹೇಗೆ ನಡೆಯುತ್ತೆ? ಸೀಟಲ್ಲಿ ಕೂತಲ್ಲಿಂದ ಹೇಳು.”

“ಬೆಲ್ಟ್ ಹಾಕಿಸ್ತೀನಿ. ಕನ್ನಡಿ ಸರಿಮಾಡಿಸ್ತೀನಿ. ಹೊರಡ್ತೀವಿ. ಸ್ವಲ್ಪ ಹೊತ್ತಿಗೆ ಮುಂದಿನ ಗಾಜು ಮಂಜಾಗುತ್ತೆ, ಒರೆಸ್ತೀನಿ—”

“ತಡಿ. ಗಾಜು ಮಂಜಾಗುತ್ತಾ? ಒಳಗಡೆಯಿಂದ?”

“ಅದು ಇವನ ಉಸಿರು!” ಮಾಲೀಕ ದರ್ಜಿಯತ್ತ ಬೆರಳು ತೋರಿಸಿದ. “ಹೆದರಿಕೊಂಡು ತಿದಿ ಊದಿದ ಹಾಗೆ ಬಿಡ್ತಾನೆ. ಅದಕ್ಕೇ ಉಸಿರು ಬಿಗಿಹಿಡಿ ಅಂತ ನಾನೇ ಹೇಳಿದ್ದೆ.”

“ಬಿಗಿಹಿಡಿದ ಮೇಲೆ ಮಂಜು ನಿಂತಿತಾ?”

“ಇಲ್ಲ ಅಕ್ಕ,” ಅಂದ ದರ್ಜಿ ದೀನನಾಗಿ. “ನನಗೆ ತಲೆಸುತ್ತು ಬಂತು, ಅಷ್ಟೇ.”

“ಮೇಷ್ಟ್ರಮ್ಮ, ಗಾಜು ಒರೆಸೋ ಬಟ್ಟೆ ಎಲ್ಲಿ?”

ಬಾಗಿಲಿನ ಜೇಬಿನಿಂದ ಅವಳು ಒಂದು ಹಳೆಯ ಬನಿಯನ್ ತುಂಡು ತೆಗೆದುಕೊಟ್ಟಳು. ಅದು ಹಪ್ಪಳದಂತೆ ಸೆಟೆದುಕೊಂಡಿತ್ತು. ದೊಡ್ಡಕ್ಕ ಅದನ್ನು ತಿಕ್ಕಿ ನೋಡಿದಳು. ಬೆರಳಿಗೆ ಬೆರಳು ಅಂಟಿತು. ಮೂಸಿದಳು. ಕನ್ನಡಕದ ಹಿಂದೆ ಕಣ್ಣು ಸಣ್ಣಗಾದವು.

“ನಿನ್ನ ಚಪ್ಪಲಿ ತೋರಿಸು. ಅಡಿಭಾಗ.”

“ಅಂಟಂಟು, ದೊಡ್ಡಕ್ಕ. ಏಸಿ ನೀರು ಜಿನುಗುತ್ತೆ ಅಂದುಕೊಂಡೆ.”

“ಏಸಿ ನೀರು ಒಣಗಿದರೆ ಗುರುತೇ ಉಳಿಯಲ್ಲ ಕಣೇ. ಅದು ಅಂಟಲ್ಲ, ಸಿಹಿ ವಾಸನೆ ಹೊಡೆಯಲ್ಲ.” ಅವಳು ಎದ್ದಳು. “ದರ್ಜಿಯಣ್ಣ, ಸ್ಟಿಯರಿಂಗ್ ಹಿಂದೆ ಕೂರು. ತಮ್ಮಾ, ನೀನು ಮೇಷ್ಟ್ರಮ್ಮನ ಸೀಟಲ್ಲಿ.”

“ನಾನ್ಯಾಕೆ?”

“ಕೂತ್ಕೊ ಅಂದೆ.”

ಅವನು ಕೂತ. ದೊಡ್ಡಕ್ಕ ಪಂಪಿನ ಮುಳ್ಳನ್ನು ಮತ್ತೆ ಮೇಲೇರಿಸಿ, ಮೇಷ್ಟ್ರಮ್ಮನನ್ನು ಅದರೆದುರು ನಿಲ್ಲಿಸಿದಳು. “ನೀನೇ ನೋಡಿ ಹೇಳು. ದರ್ಜಿಯಣ್ಣ, ಬ್ರೇಕ್ ಒತ್ತು.”

“ಒತ್ತಿದೆ!”

“ಮುಳ್ಳು?”

“ಅಲ್ಲೇ ಇದೆ.”

“ಬಿಡು. ತಮ್ಮಾ, ಈಗ ನೀನು ಒತ್ತು. ಇವನು ಎಮ್ಮೆಯ ಮೇಲೆ ಕಾರು ನುಗ್ಗಿಸ್ತಿದ್ದಾನೆ ಅಂದ್ಕೊ!”

ಮಾಲೀಕ ಗಟ್ಟಿಯಾಗಿ ಒತ್ತಿದ.

“ಇಳೀತು!” ಮೇಷ್ಟ್ರಮ್ಮ ಕೂಗಿದಳು. “ಇಳೀತಿದೆ ದೊಡ್ಡಕ್ಕ!”

“ಕಾಲು ತೆಗಿ.”

“ನಿಂತಿತು!”

“ಇನ್ನೊಮ್ಮೆ.”

ಮುಳ್ಳು ಇನ್ನೊಮ್ಮೆ ಜಾರಿತು. ಮಾಲೀಕ ತನ್ನ ಕಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡುತ್ತ ಕೂತಿದ್ದ.

“ಇಳಿ ಕೆಳಗೆ,” ಅಂದಳು ದೊಡ್ಡಕ್ಕ. ರಬ್ಬರ್ ಹಾಸನ್ನೂ ಅದರ ಕೆಳಗಿನ ಕಂಬಳಿಯಂಥ ಹಾಸನ್ನೂ ಕಿತ್ತೆತ್ತಿ ಹಿಂಡಿದಳು. ಬೊಗಸೆ ತುಂಬ ಹಸಿರು ನೀರು ಸುರಿಯಿತು. “ಎಲ್ಲರೂ ಕಾರಿನ ಹೊರಗೆ ಹುಡುಕಿದಿರಿ. ಹೊರಗೆ ಬಿದ್ದಿದ್ದರಲ್ಲವಾ ಸಿಗೋದು?”

ಮೇಷ್ಟ್ರಮ್ಮನಿಗೆ ಅಜ್ಜಿಯ ರಾಜನ ಕೊಳ ನೆನಪಾಯಿತು. ಆ ರಾಕ್ಷಸ ಕೂಡ ದಡಕ್ಕೆ ಬರುತ್ತಿರಲಿಲ್ಲ, ಕೊಳದ ತಳದಲ್ಲೇ ಬಾಯಿ ತೆರೆದು ಮಲಗಿರುತ್ತಿದ್ದ.

“ಕೇಳಿ,” ದೊಡ್ಡಕ್ಕ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿದಳು. ಮಾತು ಒಳಗಿನಿಂದಲೇ ಬಂತು. “ಎಂಜಿನ್ನಿನ ಬಿಸಿ ನೀರು ಒಂದು ರಬ್ಬರ್ ಪೈಪಿನಲ್ಲಿ ಕಾರಿನೊಳಗಿನ ಹೀಟರಿಗೆ ಬರುತ್ತೆ. ಕಲಿಸುವವರ ಬ್ರೇಕಿಗೆ ಒಂದು ಕೇಬಲ್ ಇದೆ. ಅವರು ಒತ್ತಿದಾಗ ಮಾತ್ರ ಅದು ಬಿಗಿದು ಎಳೆಯುತ್ತೆ, ಕಲಿಯುವವರು ಒತ್ತಿದರೆ ಸಡಿಲವಾಗೇ ಇರುತ್ತೆ. ಈಗ ಆ ಕೇಬಲನ್ನು ಯಾರೋ ಈ ರಬ್ಬರ್ ಪೈಪಿಗೇ ಜೋಡಿಸಿ ಕಟ್ಟಿದ್ದಾರೆ. ಎಳೆದಾಗಲೆಲ್ಲ ಗರಗಸ ಆಡಿದ ಹಾಗೆ ಪೈಪು ಕೊಯ್ದು ಕೊಯ್ದು, ಸಣ್ಣದೊಂದು ಸೀಳು. ಕಾಲು ಒತ್ತಿದಾಗ ಬಾಯಿ ಬಿಡುತ್ತೆ, ಬಿಟ್ಟಾಗ ಮುಚ್ಚಿಕೊಳ್ಳುತ್ತೆ. ಬಿದ್ದದ್ದನ್ನು ಹಾಸು ಕುಡೀತು, ಹಬೆ ಗಾಜಿಗೆ ಅಂಟಿತು. ದರ್ಜಿಯಣ್ಣ ಬಂದ ಮೇಲೆ ಮೇಷ್ಟ್ರಮ್ಮ ಒತ್ತೋದು ಹೆಚ್ಚಾಯ್ತು, ನೀರೂ ಬೇಗ ಖಾಲಿಯಾಯ್ತು. ತಮ್ಮಾ, ನೀನು ರಜೆಯಲ್ಲಿ ಒಬ್ಬನೇ ಓಡಿಸಿದಾಗ ಪಕ್ಕದ ಬ್ರೇಕ್ ಒತ್ತೋರು ಯಾರಿದ್ದರು? ಅದಕ್ಕೇ ಒಂದು ಹನಿಯೂ ಹೋಗಲಿಲ್ಲ.”

“ಯಾರೋ ಕಟ್ಟಿದ್ದಾರೆ ಅಂದ್ರಲ್ಲ ಅಕ್ಕ,” ದರ್ಜಿಯ ಕುತೂಹಲ ತಡೆಯಲಿಲ್ಲ, “ಯಾರು ಆ ಮಹಾನುಭಾವ?”

ದೊಡ್ಡಕ್ಕ ಹೊರಬಂದಳು. ಅಂಗೈ ತೆರೆದಳು. ಕತ್ತರಿಸಿದ ಒಂದು ಬಿಳಿ ಪ್ಲಾಸ್ಟಿಕ್ ಪಟ್ಟಿ.

ಮೇಷ್ಟ್ರಮ್ಮನ ಕಣ್ಣ ಮುಂದೆ ಫ್ಯಾನಿನ ವೈರು, ಪೆನ್ನಿನ ದಾರ, ಶಿಸ್ತಾಗಿ ನಿಂತ ಪೊರಕೆ ಸಾಲಾಗಿ ಹಾದುಹೋದವು.

“ಆ ಕೇಬಲ್... ನೇತಾಡ್ತಿತ್ತು,” ಮಾಲೀಕ ತೊದಲಿದ. “ನೋಡೋಕೆ ಚೆನ್ನಾಗಿರಲಿಲ್ಲ. ಹೋದ ತಿಂಗಳು...”

“ನೀನೇ ಕಟ್ಟಿದೆ. ಚಿಕ್ಕಂದಿನಲ್ಲಿ ನನ್ನ ಜಡೆಯನ್ನು ಕುರ್ಚಿಗೆ ಕಟ್ಟಿದ್ದೆಯಲ್ಲ, ಹಾಗೆ. ಕಳ್ಳ ನೀನು, ಸುಳ್ಳುಬುರುಕಿ ಪಟ್ಟ ಈ ಹುಡುಗಿಗೆ!”

ಉಳಿದ ಕೆಲಸ ಸಲೀಸು. ಸೀಳಿದ ಪೈಪು ಕಿತ್ತು, ಅದರ ಜಾಗಕ್ಕೆ ಹೊಸದು ತೊಡಿಸಿ, ಎರಡೂ ತುದಿಗೆ ಕ್ಲಿಪ್ ಬಿಗಿದರು. ಕೇಬಲನ್ನು ಪೈಪಿನಿಂದ ದೂರ ಸರಿಸಿ, ಅದಕ್ಕೆಂದೇ ಒಂದು ಕಬ್ಬಿಣದ ಕೊಕ್ಕೆ ಹಾಕಿದರು. ಕೂಲೆಂಟ್ ತುಂಬಿಸಿ, ಹೀಟರ್ ಪೂರ್ತಿ ತಿರುಗಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯೆಲ್ಲ ಗುಳುಗುಳು ಎಂದು ಹೊರಬರುವವರೆಗೆ ಎಂಜಿನ್ ಓಡಿಸಿದರು. ತಣ್ಣಗಾದ ಮೇಲೆ ಮತ್ತೆ ಪಂಪು. ಮಾಲೀಕ ಒತ್ತಿದ, ಮೇಷ್ಟ್ರಮ್ಮ ಒತ್ತಿದಳು, ದರ್ಜಿ ಯಾರೂ ಹೇಳದಿದ್ದರೂ ಒತ್ತಿದ. ಮುಳ್ಳು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಮಾಲೀಕ ಕೀಯನ್ನು ಅವಳ ಮುಂದೆ ಹಿಡಿದ. “ತಗೊಳ್ಳಮ್ಮ.”

ಮೇಷ್ಟ್ರಮ್ಮ ಕೈ ಚಾಚಲಿಲ್ಲ. “ಮೊದಲು ನೀವು ಅಂದ ಮಾತನ್ನು ವಾಪಸ್ ತಗೊಳ್ಳಿ ಸಾರ್. ಅವತ್ತು ಇವರ ಮುಂದೆ ಅಂದಿರಿ. ಇವರ ಮುಂದೆಯೇ ತಗೊಳ್ಳಿ.”

“ಅವತ್ತಲ್ಲ, ಇವತ್ತೇ,” ಅಂದ ದರ್ಜಿ. “ಬೆಳಿಗ್ಗೆ.”

“ನನಗೆ ಒಂದು ಯುಗ ಆದ ಹಾಗಿದೆ.”

ಮಾಲೀಕ ಅಕ್ಕನ ಮುಖ ನೋಡಿದ. ಅಲ್ಲಿ ಆಸರೆ ಸಿಗಲಿಲ್ಲ. ದರ್ಜಿಯತ್ತ ತಿರುಗಿದ. “ಈ ಹುಡುಗಿ ಸುಳ್ಳು ಹೇಳಿರಲಿಲ್ಲ. ದಿನಾ ತುಂಬಿಸಿದ್ದಳು. ತಪ್ಪು ನನ್ನದು. ಸಾಕಾ?”

“ಸಾಕು,” ಎಂದು ಅವಳು ಕೀ ತೆಗೆದುಕೊಂಡಳು. “ಹಿಂದೆ ಕೂತ್ಕೊಳ್ಳಿ ಸಾರ್. ಅರ್ಧಕ್ಕೆ ನಿಂತ ಪಾಠ ಮುಗಿಸಬೇಕು.”

ಸಂಜೆಯ ಬಿಸಿಲು ಮುಂದಿನ ಗಾಜಿನ ಮೇಲೆ ನೇರ ಬಿದ್ದಿತ್ತು. ಕಾರು ಅದೇ ವೃತ್ತಕ್ಕೆ ಬಂತು. ಬಿಸಿ ತೋರಿಸುವ ಮುಳ್ಳು ನಡುವಿನ ಗೆರೆ ಬಿಟ್ಟು ಕದಲಲಿಲ್ಲ. ಹಸಿರು ದೀಪ ಹತ್ತಿದೊಡನೆ ದರ್ಜಿಯ ಕಾಲಿಗೆ ಹೊಲಿಗೆ ಯಂತ್ರ ನೆನಪಾಯಿತು, ಕಾರು ಚಂಗನೆ ನೆಗೆಯಿತು, ಹಿಂದಿನ ಸೀಟಿನಿಂದ ಮಾಲೀಕ “ಅಯ್ಯೋ ಅಕ್ಕಾ!” ಎಂದು ಕಿರುಚಿದ, ಮೇಷ್ಟ್ರಮ್ಮ ತನ್ನ ಬ್ರೇಕನ್ನು ಒತ್ತಿದಳು— ಗಟ್ಟಿಯಾಗಿ, ಯಾರ ಹಂಗೂ ಇಲ್ಲದೆ.

ಗಾಜು ಕನ್ನಡಿಯಂತೆ ತಿಳಿಯಾಗಿತ್ತು.

“ಮೇಷ್ಟ್ರಮ್ಮಾ, ಅದು ನನ್ನ ಉಸಿರಲ್ಲ ಹಾಗಾದರೆ!” ದರ್ಜಿಯ ಮುಖ ಅರಳಿತು. “ಇನ್ನುಮುಂದೆ ಉಸಿರಾಡಬಹುದಾ?”

“ಧಾರಾಳವಾಗಿ ಉಸಿರಾಡಿ ಅಣ್ಣ. ಆ ಪೆಡಲಿನ ಮೇಲಿಂದ ಕಾಲು ಮಾತ್ರ ತೆಗೀರಿ!”